ಕರಟದ ಲೆಕ್ಕ

ಶಾಮಾದ ಕಡಲಂಚಿನಲ್ಲಿ ತೆಂಗಿನೆಣ್ಣೆ ಕಾಯಿಸುವ ಎಸಿಲ್ಫುವಾ
ಮಂಗಳವಾರ ಮಂಗಳವಾರ ನನಗೊಂದು ಮೂಟೆ ಕರಟ ಕಳಿಸುತ್ತಾಳೆ.
ಆ ದಿನ ಬೆಸ್ತರು ಕಡಲಿಗಿಳಿಯುವುದಿಲ್ಲ,
ದೋಣಿಗಳು ಮರಳ ಮೇಲೆ ಮಲಗಿರುತ್ತವೆ,
ಮೀನಿನ ಬುಟ್ಟಿಯಿಲ್ಲದ ಟ್ರೋಟ್ರೋದಲ್ಲಿ ಮೂಟೆಗೆ ಜಾಗ ಸಿಗುತ್ತದೆ.
ಬೆಲೆ ಕೇಳಿದರೆ ನಗುತ್ತಾಳೆ:
"ತಿರುಳು ನಾನು ತಗೊಂಡೆ, ನೀರು ಮಕ್ಕಳು ಕುಡಿದರು,
ಉಳಿದದ್ದಕ್ಕೆ ಯಾರು ದುಡ್ಡಿಸಕೊಳ್ಳುತ್ತಾರೆ, ಅರಬಾ?"

ಅದನ್ನು ಸುಡುತ್ತೇನೆ ನಾನು.
ಉರಿಯಬಾರದು, ಉಸಿರು ಕಟ್ಟಿ ಬೇಯಬೇಕು
ಮುಚ್ಚಿದ ಡ್ರಮ್ಮಿನಲ್ಲಿ, ಹೊಗೆ ತೆಳ್ಳಗೆ ನೀಲಿಯಾಗುವ ತನಕ.
ಆಮೇಲೆ ಹಬೆ. ಆಮೇಲೆ ಒಂದಿಷ್ಟು ಗಂಧಕ.
ಕಾಲೇಜಿನವರು ಬಂದು ಹೇಳಿಕೊಟ್ಟರು:
ದೊಡ್ಡ ಚಮಚದಷ್ಟು ಪುಡಿಯೊಳಗೆ
ಒಂದು ಫುಟ್‌ಬಾಲ್ ಮೈದಾನ ಮಡಚಿಟ್ಟಿದೆ,
ಅಷ್ಟೂ ಒಳಗೋಡೆ, ಅಷ್ಟೂ ಓಣಿ, ಕದವಿಲ್ಲದ ಕೋಣೆ.
ನಂಬಲಿಲ್ಲ. ಗಂಧಕ ಹಾಕುವ ಮುಂಚೆ
ಒಂದು ಚೂರು ನಾಲಗೆ ತುದಿಗಿಟ್ಟು ನೋಡಿದೆ.
ನಾಲಗೆಯನ್ನೇ ಹಿಡಿದುಕೊಂಡಿತು.

ಹೀರುತ್ತದೆ ಅಂದೆ. ಅಲ್ಲ, ಅಂಟುತ್ತದೆ ಎಂದು ತಿದ್ದಿದರು.
ಬಟ್ಟೆ ನೀರು ಕುಡಿದ ಹಾಗಲ್ಲ;
ಹೊಲ ದಾಟಿ ಬಂದವಳ ಬಟ್ಟೆಯಂಚಿಗೆ
ಉತ್ತರಾಣಿ ಕಾಳು ಕೂತಿರುತ್ತದಲ್ಲ, ಹಾಗೆ.

ಪ್ರಾ ಹೊಳೆಗೆ ಈಗ ಹಾಲು ಬೆರೆತ ಚಹಾದ ಬಣ್ಣ.
ಮೇಲೆ, ಕೊಕೋ ತೋಟ ಅಗೆದು ಗುಂಡಿ ಮಾಡಿದಲ್ಲಿ
ನನ್ನ ತಮ್ಮ ಎಕೋವ್ ಚಿನ್ನ ತೊಳೆದ, ಏಳು ವರ್ಷ.
ಪಾದರಸದಂಥ ಹುಡುಗ ಅನ್ನುತ್ತಿದ್ದರು ಊರಲ್ಲಿ,
ನಿಂತಲ್ಲಿ ನಿಲ್ಲದವ, ಗೋಲಿನ ಮುಂದೆ ಯಾರ ಕೈಗೂ ಸಿಗದವ.
ಅದನ್ನೇ ಅಂಗೈಯಲ್ಲಿ ತಿಕ್ಕಿ, ಬಟ್ಟೆಯಲ್ಲಿ ಹಿಂಡಿ,
ಬಾಣಲೆಯಲ್ಲಿ ಆವಿ ಎಬ್ಬಿಸಿ
ಕಡಲೆಕಾಳಿನಷ್ಟು ಹಳದಿಗಾಗಿ ಬಾಗಿ ಕೂತ.
ಈಗ ಅವನು ತಟ್ಟೆ ಹಿಡಿದರೆ
ತಟ್ಟೆ ತಾನಾಗಿ ಮಾತಾಡುತ್ತದೆ.

ಶಾಲೆಯ ಹಿಂದೆ ಮೂರು ನೀಲಿ ಪೀಪಾಯಿ.
ಒಂದರಲ್ಲಿ ಮರಳು, ಒಂದರಲ್ಲಿ ನನ್ನ ಕಪ್ಪು, ಮೂರನೆಯದಕ್ಕೆ ನಲ್ಲಿ.
ನಲವತ್ತು ದಿನಕ್ಕೆ ಇದ್ದಿಲು ತುಂಬುತ್ತದೆ.
ತುಂಬಿದ್ದು ಕಣ್ಣಿಗೆ ಕಾಣದು, ಅದೇ ಕಪ್ಪು, ಅದೇ ಸದ್ದು;
ಟಾಕೊರಾಡಿಯಿಂದ ಬಂದ ಚೀಟಿ ಹೇಳಬೇಕು, ಸಾಕು ತೆಗೆ ಅಂತ.
ತೆಗೆದು ಎಲ್ಲಿಡಲಿ?
ಒಯ್ಯಲು ಲಾರಿ ಬರುತ್ತದೆ ಎಂದಿದ್ದರು.
ಹೊಳೆ ಬಿಟ್ಟದ್ದು ಊರು ಬಿಟ್ಟಿಲ್ಲ:
ಕೊಟ್ಟಿಗೆಯಲ್ಲಿ ಹನ್ನೊಂದು ಡಬ್ಬಿ ತುಂಬ ಕೂತಿದೆ,
ಬಾಡಿಗೆ ಕೊಡದ ಬಿಡಾರ. ಬೀಗ ಮಾತ್ರ ನನ್ನದು.

"ಅಕ್ಕಾ," ಎಂದ ಎಕೋವ್ ಒಂದು ಸಂಜೆ, ಕೆಳಗೆ ನೋಡುತ್ತ,
"ಆ ಇದ್ದಿಲು ಕಾಸಿದರೆ ಪಾದರಸ ವಾಪಸು ಬರುತ್ತದೆ.
ಆವಿ ತಣಿಸಿದರಾಯಿತು. ಗುಂಡಿಯವರು ಒಳ್ಳೆ ರೇಟು ಕೊಡುತ್ತಾರೆ."
ಬರುತ್ತದೆ, ನಿಜ. ಕಾಲೇಜಿನವರೂ ಅದನ್ನೇ ಹೇಳಿದ್ದರು.
ಅಂಟಿದ್ದು ಬಿಡುತ್ತದೆ, ಬೆಂಕಿ ಸಾಕಷ್ಟಿದ್ದರೆ.
ನಾನು ಸೊಪ್ಪು ಹೆಚ್ಚುತ್ತಿದ್ದೆ. ಹೆಚ್ಚುತ್ತಲೇ ಇದ್ದೆ.

ಇವತ್ತು ಬೆಳಿಗ್ಗೆ ಮೊಳೆಯ ಮೇಲೆ ಬೀಗದಕೈ ಇರಲಿಲ್ಲ.
ಕೊಟ್ಟಿಗೆಗೆ ಓಡಿದೆ. ಬೀಗ ಹಾಕಿದ ಹಾಗೇ ಇತ್ತು.
ಕಿಂಡಿಯ ಸುತ್ತ ಹೊಸ ಗೀರು,
ಹತ್ತಿರಬಹುದು, ಇಪ್ಪತ್ತಿರಬಹುದು, ಎಡಕ್ಕೆ, ಬಲಕ್ಕೆ,
ಒಂದಂತೂ ಬಾಗಿಲ ಹಲಗೆಯವರೆಗೆ ಎಳೆದಿತ್ತು.
ಕೈ ಕೆಳಗೆ ಬಿದ್ದಿತ್ತು, ಇಬ್ಬನಿ ಹುಲ್ಲಲ್ಲಿ.
ಇಡೀ ರಾತ್ರಿ ಒಂದೇ ಒಂದು ಕಿಂಡಿ
ಸಿಕ್ಕಿರಲಿಲ್ಲ ನನ್ನ ತಮ್ಮನ ಬೆರಳಿಗೆ.

ಅವನು ಮೂರನೆಯ ಪೀಪಾಯಿಯ ಬುಡದಲ್ಲಿ ಕೂತಿದ್ದ.
ನಲ್ಲಿ ತಿರುಗಿಸಿ ಲೋಟ ತುಂಬಿಸಿ ಕೊಟ್ಟೆ.
ಎರಡೂ ಕೈಯಲ್ಲಿ ಹಿಡಿದ. ಅರ್ಧ ಕುಡಿದ,
ಅರ್ಧ ಎದೆ ಮೇಲೆ ಹೋಯಿತು.
ಇನ್ನೊಂದು ಲೋಟ ಕೊಟ್ಟೆ.

ದೂರದಲ್ಲಿ ಟ್ರೋಟ್ರೋ ಹಾರನ್ ಹೊಡೆಯಿತು.
ಪುಸ್ತಕ ತೆಗೆದು ಬರೆದೆ:
ಮಂಗಳವಾರ. ಕರಟ, ಒಂದು ಮೂಟೆ. ಹಣ, ಇಲ್ಲ.
ಹೊಸ ಬೀಗ ಎಂದು ಬರೆದು, ಹೊಡೆದು ಹಾಕಿದೆ.